ಅಜ್ಜಿಯ ಹಂಡೆ, ನನ್ನ ಇಕ್ಕಳ

"ಟಪ್" ಅಂತ ಒಂದು ಸಣ್ಣ ಸದ್ದು. ಅಷ್ಟೇ. ಅಜ್ಜಿಯ ತಾಮ್ರದ ಹಂಡೆಯ ಕಂಠದಲ್ಲಿ ಎರಡು ಬೆರಳು ಉದ್ದದ ಸೀಳು ಬಿಟ್ಟಿತ್ತು. ನನ್ನ ಕೈಯಲ್ಲಿ ಇಕ್ಕಳ, ಎದುರಿಗೆ ಅರ್ಧಕ್ಕೇ ನಿಲ್ಲಿಸಿದ್ದ ಯೂಟ್ಯೂಬ್ ವಿಡಿಯೊ. ನೀರು ತುಂಬುವ ಹಬ್ಬಕ್ಕೆ ಇನ್ನು ಒಂಬತ್ತು ದಿನ. ಆ ಹಬ್ಬಕ್ಕೆ ಅಮ್ಮ ಸಾಗರದಿಂದ ಬರುವವಳಿದ್ದಳು.

ಹಂಡೆಯ ಕಥೆ ಸ್ವಲ್ಪ ಹೇಳಬೇಕು. ಅಜ್ಜಿ ಮದುವೆಯಾಗಿ ಬಂದಾಗ ತವರಿನಿಂದ ತಂದದ್ದಂತೆ. ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೊರೆದಿದೆ. ಬಚ್ಚಲ ಒಲೆಯ ಮೇಲೆ ಕೂತಿದ್ದ ದೊಡ್ಡ ಹಂಡೆ ಬೇರೆ, ಇದು ಅದರ ತಂಗಿಯ ಹಾಗೆ, ಇಪ್ಪತ್ತು ಲೀಟರ್ ಹಿಡಿಯುವ ಸಣ್ಣ ಹಂಡೆ. ಅಜ್ಜಿ ಹೋದಮೇಲೆ ಅಮ್ಮ ಅದನ್ನು ನನಗೆ ಕೊಟ್ಟಳು. "ಬೆಂಗಳೂರಲ್ಲಿ ಗೀಸರ್ ಇರುತ್ತೆ, ಗೊತ್ತು. ಆದ್ರೂ ಹಬ್ಬದ ದಿನ ನೀರು ತುಂಬೋಕೆ ಒಂದು ಹಂಡೆ ಬೇಡ್ವಾ?" ಅಂದಿದ್ದಳು.

ಈ ವರ್ಷ ಮನೆ ಬದಲಿಸಿದೆವು. ಸಾಮಾನು ಸಾಗಿಸುವವರು ಹಂಡೆಯ ಮೇಲೆ ವಾಷಿಂಗ್ ಮಷೀನ್ ಇಟ್ಟಿದ್ದರೋ ಏನೋ, ಇಳಿಸಿದಾಗ ಕಂಠ ಒಂದು ಕಡೆ ಒಳಕ್ಕೆ ಮಡಚಿಕೊಂಡಿತ್ತು. ನಾನು ಮೆಕ್ಯಾನಿಕಲ್ ಓದಿದವಳು. ಅರವತ್ತು ಜನರ ಕ್ಲಾಸಿನಲ್ಲಿ ನಾವು ನಾಲ್ಕೇ ಹುಡುಗಿಯರು. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತು, ಎಂಟು ವರ್ಷದಿಂದ ಕೀಬೋರ್ಡ್ ಬಿಟ್ಟು ಬೇರೆ ಯಾವ ಹತಾರ ಮುಟ್ಟಿಲ್ಲ. ಆದರೂ "ತಾಮ್ರ ತಾನೇ, ಮೆತ್ತಗಿನ ಲೋಹ, ನಾನೇ ಸರಿಮಾಡ್ತೀನಿ" ಅನ್ನುವ ಧೈರ್ಯ. ಇಕ್ಕಳದಲ್ಲಿ ಹಿಡಿದು ಹೊರಕ್ಕೆ ಎಳೆದೆ. ಜಾಸ್ತಿ ಬಂತು. ಒಳಕ್ಕೆ ತಳ್ಳಿದೆ. ಮತ್ತೆ ಹೊರಕ್ಕೆ. ಮೊದಲ ಸಲ ಸುಲಭವಾಗಿ ಬಗ್ಗಿದ್ದು ಮೂರನೇ ಸಲ ಮೊಂಡು ಹಿಡಿಯಿತು. ನಾನೂ ಮೊಂಡು ಹಿಡಿದೆ. ನಾಲ್ಕನೇ ಸಲಕ್ಕೆ ಟಪ್.

ಪೇಟೆಯ ಗಲ್ಲಿಯಲ್ಲಿ

ಅಮ್ಮನಿಗೆ ಫೋನ್ ಮಾಡಿ ಹೇಳುವ ಧೈರ್ಯ ಬರಲಿಲ್ಲ. ಶನಿವಾರ ಹಂಡೆಯನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಆಟೊದಲ್ಲಿ ಚಿಕ್ಕಪೇಟೆ ಕಡೆ ಹೊರಟೆ. ಎರಡು ಪಾತ್ರೆ ಅಂಗಡಿಯವರು "ಹಳೇದು ಕೊಟ್ಟು ಹೊಸದು ತಗೊಳ್ಳಿ ಮೇಡಂ, ತೂಕಕ್ಕೆ ಒಳ್ಳೇ ರೇಟು ಹಾಕ್ತೀವಿ" ಅಂದರು. ಮೂರನೆಯವರು ಹೆಸರು ಕೊರೆದಿದ್ದನ್ನು ನೋಡಿ ಏನೂ ಮಾತಾಡದೆ, ಪಕ್ಕದ ಗಲ್ಲಿಯಲ್ಲಿ ಇನ್ನೂ ಕೈಕೆಲಸ ಮಾಡುವ ಒಬ್ಬ ತಾತನ ದಾರಿ ತೋರಿಸಿದರು.

ತಾತನ ಅಂಗಡಿ ಅಂದರೆ ಎಂಟಡಿ ಅಗಲದ ಜಾಗ. ನೆಲಕ್ಕೆ ಹೂತ ಕಬ್ಬಿಣದ ಗೂಟಗಳು, ಏಳೆಂಟು ಥರದ ಸುತ್ತಿಗೆ, ಮರದ ಕೊಡತಿ, ಒಂದು ಗ್ಯಾಸ್ ಟಾರ್ಚ್, ಒಂದು ಬಕೆಟ್ ನೀರು. ಹಂಡೆಯ ಸೀಳಿನ ಮೇಲೆ ಹೆಬ್ಬೆರಳು ಆಡಿಸಿ ಕೇಳಿದರು:

"ಎಷ್ಟು ಸಲ ಬಗ್ಗಿಸಿದೆ ಕಣಮ್ಮ?"

"ಮೂರೋ ನಾಲ್ಕೋ ಸಲ ತಾತ."

"ಬಿಸಿ ಮಾಡದೇನೇ?"

ನಾನು ಸುಮ್ಮನಿದ್ದೆ. "ತಾಮ್ರ ಮೆತ್ತಗಿರುತ್ತೆ ಅಂತ..." ಅಂದೆ.

"ಮೆತ್ತಗಿರುತ್ತೆ. ಪೆಟ್ಟು ತಿಂದಮೇಲೆ ಅಲ್ಲ. ಈ ಕಂಠಾನ ಮಾಡಿದೋನು ಬಡಿದು ಬಡಿದು ಮೊದಲೇ ಗಟ್ಟಿ ಮಾಡಿದ್ದ. ನೀನು ಅದರ ಮೇಲೆ ಇನ್ನೂ ಬಗ್ಗಿಸಿದೆ. ಅದೆಷ್ಟು ಅಂತ ತಡ್ಕೊಳ್ಳುತ್ತೆ?"

ಮೊದಲು ಸೀಳಿನ ತುದಿಯಲ್ಲಿ ಸಣ್ಣದೊಂದು ತೂತು ಕೊರೆದರು. ಹರಿದ ಪಾತ್ರೆಗೆ ಇನ್ನೊಂದು ತೂತಾ ಅಂತ ನನಗೆ ಗಾಬರಿ. ಆದರೆ ಇದನ್ನು ನಾನು ಪುಸ್ತಕದಲ್ಲೂ ಓದಿದ್ದೆ. ಸೀಳಿನ ಚೂಪು ತುದಿಯಲ್ಲೇ ಒತ್ತಡವೆಲ್ಲ ಒಟ್ಟಾಗುತ್ತದೆ. ಅದನ್ನು ದುಂಡಗೆ ಮಾಡಿಬಿಟ್ಟರೆ ಸೀಳು ಮುಂದೆ ಓಡುವುದು ನಿಲ್ಲುತ್ತದೆ.

ಆಮೇಲೆ ಟಾರ್ಚ್ ಹಚ್ಚಿ ಕಂಠದ ಸುತ್ತ ಬೆಂಕಿ ಓಡಿಸಿದರು. ತಾಮ್ರ ಮೊದಲು ಕಾಮನಬಿಲ್ಲಿನ ಬಣ್ಣ ತೋರಿಸಿತು, ಕಪ್ಪಾಯಿತು, ನಿಧಾನಕ್ಕೆ ನಸುಗೆಂಪಿಗೆ ತಿರುಗಿತು. ತಾತ ಬಕೆಟಿನಿಂದ ಚೊಂಬು ನೀರು ಎತ್ತಿದರು. ನನ್ನೊಳಗಿನ ಇಂಜಿನಿಯರ್ ಎದ್ದು ನಿಂತಳು.

"ತಾತಾ, ನೀರು ಹಾಕ್ಬೇಡಿ! ಗಟ್ಟಿಯಾಗಿಬಿಡುತ್ತೆ!"

ಚುಸ್ಸ್ ಅಂತ ಹಬೆ ಎದ್ದಿತು. ತಾತ ನಗುತ್ತ ಪಕ್ಕದಲ್ಲಿದ್ದ ಒಂದು ತಾಮ್ರದ ಪಟ್ಟಿಯನ್ನೂ ಹಾಗೇ ಕಾಯಿಸಿ, ನೀರಿಗೆ ಅದ್ದಿ ನನ್ನ ಕೈಗೆ ಕೊಟ್ಟರು. "ಬಗ್ಗಿಸು."

ಅದು ಹಸಿ ಬಾಳೆಪಟ್ಟೆಯ ಹಾಗೆ ಎರಡು ಬೆರಳಲ್ಲೇ ಬಗ್ಗಿತು.

"ಗಟ್ಟಿಯಾಗೋದು ಕಬ್ಬಿಣ ಕಣಮ್ಮ. ಇದು ತಾಮ್ರ."

ಜಮಖಾನದ ಮಡಿಕೆ

ಮನೆಗೆ ಬಂದು ಕಾಲೇಜಿನ ಹಳೇ ನೋಟ್ಸ್ ತೆಗೆದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಸಾಲುಗಳು ಮೊದಲ ಸಲ ಅರ್ಥವಾದವು. ನಿಮಗೂ ನನ್ನ ಹಾಗೇ ಮರೆತಿರಬಹುದು, ಅದಕ್ಕೇ ಸುಲಭದಲ್ಲಿ ಹೇಳ್ತೀನಿ.

ಲೋಹದೊಳಗೆ ಪರಮಾಣುಗಳು ಹಣ್ಣಿನಂಗಡಿಯ ಕಿತ್ತಳೆಗಳ ಹಾಗೆ ಸಾಲಾಗಿ, ಪದರ ಪದರವಾಗಿ ಜೋಡಿಸಿಕೊಂಡಿರುತ್ತವೆ. ಲೋಹ ಬಗ್ಗುವುದೆಂದರೆ ಒಂದು ಪದರ ಇನ್ನೊಂದರ ಮೇಲೆ ಜಾರುವುದು. ಆದರೆ ಇಡೀ ಪದರ ಒಟ್ಟಿಗೆ ಜಾರಬೇಕಾದರೆ ಬೇಕಾಗುವ ಬಲವನ್ನು ಲೆಕ್ಕ ಹಾಕಿದ ವಿಜ್ಞಾನಿಗಳಿಗೆ ಆಶ್ಚರ್ಯ ಕಾದಿತ್ತು. ಲೆಕ್ಕದ ಪ್ರಕಾರ ಲೋಹ ಇರಬೇಕಾದಷ್ಟು ಗಟ್ಟಿ ಇರಲೇ ಇಲ್ಲ. ಎಷ್ಟೋ ಪಾಲು ಕಡಿಮೆ ಬಲಕ್ಕೇ ಬಗ್ಗುತ್ತಿತ್ತು.

ಉತ್ತರ ಬಂದದ್ದು 1934ರಲ್ಲಿ. ಜಿ. ಐ. ಟೇಲರ್, ಎಗಾನ್ ಒರೊವಾನ್, ಮೈಕೆಲ್ ಪೊಲಾನಿ ಎಂಬ ಮೂವರು ಬೇರೆಬೇರೆಯಾಗಿ ಒಂದೇ ವರ್ಷ ಒಂದೇ ಮಾತು ಹೇಳಿದರು: ಪರಮಾಣುಗಳ ಸಾಲಿನಲ್ಲಿ ಅಲ್ಲಲ್ಲಿ ತಪ್ಪುಗಳಿವೆ, ಬಗ್ಗುವುದು ಆ ತಪ್ಪುಗಳಿಂದಲೇ. ಮದುವೆಮನೆಯ ದೊಡ್ಡ ಜಮಖಾನವನ್ನು ಒಂದು ಅಡಿ ಸರಿಸಬೇಕು ಅಂದುಕೊಳ್ಳಿ. ತುದಿ ಹಿಡಿದು ಎಳೆದರೆ ಕದಲುವುದಿಲ್ಲ. ಒಂದು ಕಡೆ ಸಣ್ಣ ಮಡಿಕೆ ಎಬ್ಬಿಸಿ, ಆ ಮಡಿಕೆಯನ್ನು ಕಾಲಲ್ಲಿ ತಳ್ಳಿಕೊಂಡು ಹೋದರೆ ಇಡೀ ಜಮಖಾನ ಆರಾಮಾಗಿ ಸರಿಯುತ್ತದೆ. ಲೋಹದೊಳಗೆ ಓಡಾಡುವುದು ಅಂಥ ಮಡಿಕೆಗಳೇ. ಇಂಗ್ಲಿಷಿನಲ್ಲಿ ಡಿಸ್‌ಲೊಕೇಶನ್ ಅನ್ನುತ್ತಾರೆ. 1956ರಲ್ಲಿ ಕೇಂಬ್ರಿಜ್‌ನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ತೆಳು ಅಲ್ಯೂಮಿನಿಯಂ ಹಾಳೆಯಲ್ಲಿ ಇವು ಓಡುವುದನ್ನು ಕಣ್ಣಾರೆ ಕಂಡರು.

ಹಾಗಾದರೆ ಬಗ್ಗಿಸಿದಷ್ಟೂ ಗಟ್ಟಿಯಾಗುವುದು ಯಾಕೆ? ಪ್ರತಿ ಸಲ ಬಗ್ಗಿಸಿದಾಗಲೂ ಹೊಸ ಮಡಿಕೆಗಳು ಹುಟ್ಟುತ್ತವೆ. ಒಂದಕ್ಕೊಂದು ಅಡ್ಡ ಬಂದು ಸಿಕ್ಕಿಕೊಳ್ಳುತ್ತವೆ. ಭಾನುವಾರ ಬೆಳಗ್ಗೆಯ ಸಿಲ್ಕ್ ಬೋರ್ಡ್ ಜಂಕ್ಷನ್, ಸೋಮವಾರ ಸಂಜೆಯ ಸಿಲ್ಕ್ ಬೋರ್ಡ್ ಆಗುತ್ತದೆ. ಜಾರಲು ದಾರಿ ಇಲ್ಲದ ಲೋಹಕ್ಕೆ ಉಳಿಯುವುದು ಒಂದೇ, ಹರಿಯುವುದು.

ಇದನ್ನು ಈಗಲೇ ಪರೀಕ್ಷೆ ಮಾಡಬಹುದು. ಒಂದು ಪೇಪರ್ ಕ್ಲಿಪ್ ಬಿಡಿಸಿ, ಒಂದು ಕಡೆ ಬಗ್ಗಿಸಿ, ಮತ್ತೆ ನೇರ ಮಾಡಲು ನೋಡಿ. ಬಗ್ಗಿದ್ದ ಜಾಗ ಸರಿಯಾಗಿ ನೇರವಾಗುವುದಿಲ್ಲ, ಅದರ ಅಕ್ಕಪಕ್ಕ ಬಗ್ಗುತ್ತದೆ. ಬಗ್ಗಿದ್ದ ಜಾಗ ಈಗ ಪಕ್ಕದವರಿಗಿಂತ ಗಟ್ಟಿ. ಹಿಂದೆ ಮುಂದೆ ಬೇಗ ಬೇಗ ಮಾಡಿ ತುಟಿಗೆ ತಾಗಿಸಿ, ಬೆಚ್ಚಗಿರುತ್ತದೆ. ಇನ್ನೂ ಮಾಡಿದರೆ ಮುರಿಯುತ್ತದೆ. ನಾನು ಹಂಡೆಗೆ ಮಾಡಿದ್ದು ಇದನ್ನೇ.

ಬೆಂಕಿ ಮಾಡುವುದು ಈ ಟ್ರಾಫಿಕ್ ಬಿಡಿಸುವ ಕೆಲಸ. ಕಾದ ತಾಮ್ರದಲ್ಲಿ ಪರಮಾಣುಗಳಿಗೆ ಓಡಾಡುವ ಶಕ್ತಿ ಬರುತ್ತದೆ. ಸಿಕ್ಕುಗಳಿರುವ ಹಳೇ ಹರಳುಗಳ ಜಾಗದಲ್ಲಿ ಸಿಕ್ಕಿಲ್ಲದ ಹೊಸ ಹರಳುಗಳು ಬೆಳೆಯುತ್ತವೆ. ತಾಮ್ರ ಕರಗುವುದು 1085 ಡಿಗ್ರಿಯಲ್ಲಿ, ಇದಕ್ಕೆ ಅಷ್ಟು ಬೇಡ, ನಸುಗೆಂಪು ಬಂದರೆ ಸಾಕು. ಆಮೇಲೆ ನೀರು ಹಾಕಿದರೂ, ತಾನಾಗೇ ಆರಲು ಬಿಟ್ಟರೂ ತಾಮ್ರ ಮೆತ್ತಗೇ ಇರುತ್ತದೆ. ನೀರು ಹಾಕುವುದು ಬೇಗ ಕೈಗೆ ಸಿಗಲಿ ಅಂತ, ಮೇಲಿನ ಕಪ್ಪು ಪದರ ಉದುರಲಿ ಅಂತ.

ಉಕ್ಕಿನ ಕಥೆ ಬೇರೆ. ಅದರಲ್ಲಿ ಇಂಗಾಲ ಇರುತ್ತದೆ. ಕೆಂಪಗೆ ಕಾದಾಗ ಇಂಗಾಲ ಕಬ್ಬಿಣದೊಳಗೆ ಕರಗಿಕೊಳ್ಳುತ್ತದೆ. ನಿಧಾನಕ್ಕೆ ಆರಿದರೆ ಬೇರೆಯಾಗಿ ಹೊರಬರುತ್ತದೆ, ಉಕ್ಕು ಮೆತ್ತಗಾಗುತ್ತದೆ. ತಟ್ಟನೆ ನೀರಿಗೆ ಅದ್ದಿದರೆ ಹೊರಬರಲು ಪುರಸೊತ್ತಿಲ್ಲದೆ ಒಳಗೇ ಸಿಕ್ಕಿಬೀಳುತ್ತದೆ, ಉಕ್ಕು ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಕುಲುಮೆಯಲ್ಲಿ ಕತ್ತಿಯ ಬಾಯಿಗೆ ನೀರು ಕುಡಿಸುವುದು ಇದಕ್ಕೇ. ಒಂದೇ ಬೆಂಕಿ, ಒಂದೇ ನೀರು, ಒಂದು ಲೋಹ ಮೆದುವಾಗುತ್ತದೆ, ಇನ್ನೊಂದು ಬಿರುಸಾಗುತ್ತದೆ. ನಾನು ಪುಸ್ತಕದಲ್ಲಿ ಉಕ್ಕಿನ ಅಧ್ಯಾಯ ಓದಿ, ಎಲ್ಲ ಲೋಹವೂ ಹಾಗೇ ಅಂದುಕೊಂಡಿದ್ದೆ.

ಮನೆ ತುಂಬ ಲೋಹ

ಆ ವಾರ ಮನೆಯಲ್ಲಿ ಏನು ಮುಟ್ಟಿದರೂ ಅದರ ಬಾಗುವಿಕೆಯೇ ಕಣ್ಣಿಗೆ ಬೀಳತೊಡಗಿತು.

ಎಲ್ಲಕ್ಕಿಂತ ಮೇಲೆ ಚಿನ್ನ. ಶಾಲೆಯಲ್ಲಿ ಕುಟ್ಯತೆ, ತನ್ಯತೆ ಅಂತ ಓದಿದ್ದು ನೆನಪಿದೆಯಾ? ಬಡಿದರೆ ತಗಡಾಗುವ ಗುಣ ಕುಟ್ಯತೆ, ಎಳೆದರೆ ತಂತಿಯಾಗುವ ಗುಣ ತನ್ಯತೆ. ಎರಡರಲ್ಲೂ ಚಿನ್ನಕ್ಕೆ ಮೊದಲ ಸ್ಥಾನ. ಒಂದು ಗ್ರಾಂ ಚಿನ್ನವನ್ನು ಬಡಿದು ಸುಮಾರು ಒಂದು ಚದರ ಮೀಟರ್ ಹಾಳೆ ಮಾಡಬಹುದು, ಎಳೆದರೆ 2 ಕಿಲೋಮೀಟರಿಗೂ ಉದ್ದದ ತಂತಿ. ಅಷ್ಟು ಮೆತ್ತಗಿರುವುದರಿಂದಲೇ 24 ಕ್ಯಾರೆಟ್ಟಿನಲ್ಲಿ ದಿನಬಳಕೆಯ ಬಳೆ ಮಾಡಿಸುವುದಿಲ್ಲ. 22 ಕ್ಯಾರೆಟ್ ಅಂದರೆ ನೂರಕ್ಕೆ 91.6 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿಯಂಥವು. ಬೇರೆ ಗಾತ್ರದ ಪರಮಾಣುಗಳು ನಡುವೆ ಕೂತು, ಜಾರುವ ಮಡಿಕೆಗಳಿಗೆ ರಸ್ತೆಯ ಹಂಪ್‌ಗಳ ಹಾಗೆ ಅಡ್ಡಬರುತ್ತವೆ.

ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ನೋಡಿ. ರೋಲರ್‌ಗಳ ನಡುವೆ ಒತ್ತಿ ಒತ್ತಿ ಅಷ್ಟು ತೆಳ್ಳಗೆ ಮಾಡುವಷ್ಟರಲ್ಲಿ ಅದು ಬಿರುಸಾಗಿರುತ್ತದೆ. ಕೊನೆಗೆ ಕುಲುಮೆಯಲ್ಲಿ ಕಾಯಿಸಿ ಮೆತ್ತಗೆ ಮಾಡುವುದರಿಂದಲೇ ಅದು ನಿಮ್ಮ ಚಪಾತಿಯ ಆಕಾರಕ್ಕೆ ಸುಮ್ಮನೆ ಮಡಚಿಕೊಳ್ಳುವುದು.

ಸ್ಟೀಲ್ ಲೋಟ ಹಟಮಾರಿ. ಸ್ಟೇನ್‌ಲೆಸ್ ಸ್ಟೀಲ್ ಪೆಟ್ಟು ಬಿದ್ದಂತೆಲ್ಲ ತಾಮ್ರಕ್ಕಿಂತ ಬೇಗ ಗಟ್ಟಿಯಾಗುತ್ತದೆ, ಬಗ್ಗಿಸಿ ಬಿಟ್ಟರೆ ಸ್ವಲ್ಪ ವಾಪಸ್ ಚಿಮ್ಮುತ್ತದೆ. ಆಳದ ಪಾತ್ರೆಗಳನ್ನು ಒಂದೇ ಒತ್ತಿಗೆ ಮಾಡದೆ ಹಂತ ಹಂತವಾಗಿ ಎಳೆಯುವುದು ಇದಕ್ಕೇ.

ದೇವರ ಕೋಣೆಯ ಗಂಟೆ ಬಗ್ಗುವುದೇ ಇಲ್ಲ. ತಾಮ್ರವೂ ಮೆತ್ತಗೆ, ತವರವೂ ಮೆತ್ತಗೆ. ಆದರೆ ತಾಮ್ರಕ್ಕೆ ನೂರಕ್ಕೆ ಇಪ್ಪತ್ತರಷ್ಟು ತವರ ಸೇರಿಸಿ ಮಾಡಿದ ಗಂಟೆಯ ಕಂಚು ಬಿರುಸು. ನಾದ ಕೊಡುತ್ತದೆ, ಕೆಳಗೆ ಬಿದ್ದರೆ ನೆಗ್ಗುವ ಬದಲು ಬಿರುಕು ಬಿಡುತ್ತದೆ.

ಸೀಸಕ್ಕೆ ಮಾತ್ರ ಯಾವ ಪೆಟ್ಟೂ ನೆನಪಿರುವುದಿಲ್ಲ. ತಾಮ್ರಕ್ಕೆ ಬೆಂಕಿ ಮಾಡುವ ಕೆಲಸವನ್ನು ಸೀಸಕ್ಕೆ ನಮ್ಮ ಕೋಣೆಯ ಬಿಸಿಯೇ ಮಾಡಿಬಿಡುತ್ತದೆ. ಅದನ್ನು ಎಷ್ಟು ಬಡಿದರೂ ಗಟ್ಟಿಯಾಗುವುದಿಲ್ಲ. ಚೆನ್ನಾಗಿ ತಗಡಾಗುತ್ತದೆ, ಆದರೆ ಸಣ್ಣ ತಂತಿ ಎಳೆಯಲು ಹೋದರೆ ತುಂಡಾಗುತ್ತದೆ.

ಇನ್ನು ಸತು. ಚಿನ್ನ, ಬೆಳ್ಳಿ, ತಾಮ್ರ, ಅಲ್ಯೂಮಿನಿಯಂಗಳಲ್ಲಿ ಪರಮಾಣುಗಳ ಜೋಡಣೆ ಒಂದೇ ಥರ, ಪದರಗಳು ಜಾರಲು 12 ದಾರಿಗಳಿವೆ. ಸತುವಿನ ಜೋಡಣೆ ಬೇರೆ, ಸುಲಭವಾಗಿ ಜಾರುವ ದಾರಿ ಮೂರೇ. ಹಾಗಾಗಿ ತಣ್ಣಗಿದ್ದಾಗ ಬಡಿದರೆ ಬಿರುಕು, 100ರಿಂದ 150 ಡಿಗ್ರಿಗೆ ಕಾಯಿಸಿದರೆ ತಗಡಾಗುತ್ತದೆ. ನಮ್ಮ ಬೀದರಿನ ಬಿದ್ರಿ ಕೆಲಸ ನೋಡಿದರೆ ಈ ಎರಡೂ ಗುಣ ಒಂದೇ ಪಾತ್ರೆಯಲ್ಲಿ ಸಿಗುತ್ತವೆ. ಹೂದಾನಿಯ ಮೈ ಬಹುಪಾಲು ಸತು, ಸ್ವಲ್ಪ ತಾಮ್ರ. ಅದನ್ನು ಬಡಿದು ಮಾಡುವುದಿಲ್ಲ, ಅಚ್ಚಿಗೆ ಹೊಯ್ಯುತ್ತಾರೆ. ಆಮೇಲೆ ಉಳಿಯಿಂದ ಗೀರು ಕೊರೆದು, ಅದರೊಳಗೆ ಮೆತ್ತಗಿನ ಬೆಳ್ಳಿ ತಂತಿಯನ್ನು ಬಡಿದು ಕೂರಿಸುತ್ತಾರೆ. ಬಗ್ಗದ ಲೋಹ ಹಿಡಿದುಕೊಳ್ಳುತ್ತದೆ, ಬಗ್ಗುವ ಲೋಹ ತುಂಬಿಕೊಳ್ಳುತ್ತದೆ.

ಕೊನೆಯ ಪೆಟ್ಟು

ಮುಂದಿನ ಬುಧವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿ ತಾತನ ಹತ್ತಿರ ಹೋದೆ. ಅಷ್ಟರಲ್ಲಿ ಕಂಠವನ್ನು ಕೊಡತಿಯಿಂದ ತಟ್ಟಿ ದುಂಡಗೆ ಮಾಡಿದ್ದರು. ಸೀಳಿನ ಎರಡು ಅಂಚು ಕೂಡಿಸಿ, ಬಿಳಿಗಾರ ಹಚ್ಚಿ, ಹಿತ್ತಾಳೆಯ ಬೆಸುಗೆ ಹಾಕಿದ್ದರು. ಹಿತ್ತಾಳೆ ತಾಮ್ರಕ್ಕಿಂತ ಮೊದಲು ಕರಗುವುದರಿಂದ ಹಂಡೆಗೆ ಅಪಾಯವಿಲ್ಲದೆ ಸೀಳಿನೊಳಕ್ಕೆ ಇಳಿಯುತ್ತದೆ.

ನನಗೆ ಅಜ್ಜಿಯ ಹೆಸರಿನದೇ ಚಿಂತೆ. ಬೆಂಕಿಯಲ್ಲಿ ಅಳಿಸಿಹೋಗಿದ್ದರೆ? ತಾತ ಹುಣಸೆಹುಳಿ ಹಚ್ಚಿ ಒರೆಸಿ ತೋರಿಸಿದರು. ಚುಕ್ಕಿಗಳು ಹಾಗೇ ಇದ್ದವು. "ಇದು ಬಣ್ಣ ಅಲ್ಲ ಕಣಮ್ಮ, ಉಳಿಯಲ್ಲಿ ಹೊಡೆದಿರೋದು. ತಾಮ್ರ ಕರಗಿದ್ರೇನೇ ಹೋಗೋದು."

ಕೆಲಸ ಮುಗಿಯಿತು ಅಂತ ನಾನು ಪರ್ಸ್ ತೆಗೆದೆ. ತಾತ ಹಂಡೆಯನ್ನು ಕಬ್ಬಿಣದ ಗೂಟದ ಮೇಲೆ ಬೋರಲು ಹಾಕಿ, ನಯವಾದ ಸಣ್ಣ ಸುತ್ತಿಗೆ ಎತ್ತಿಕೊಂಡು ಕಂಠದ ಸುತ್ತ ಬಡಿಯತೊಡಗಿದರು. ಜೋರಾಗಿ ಅಲ್ಲ, ಒಂದೇ ಲಯದಲ್ಲಿ, ಒಂದು ಪೆಟ್ಟಿನ ಪಕ್ಕ ಇನ್ನೊಂದು.

"ಮತ್ತೆ ಯಾಕೆ ತಾತ ಬಡಿಯೋದು? ಸರಿಯಾಗಿದೆಯಲ್ಲ?"

"ಈಗ ಮೆತ್ತಗಿದೆ. ಹೀಗೇ ಕೊಟ್ರೆ ನೀರು ತುಂಬಿ ಎತ್ತಿದ ಕೂಡ್ಲೇ ನೆಗ್ಗುತ್ತೆ. ಸ್ವಲ್ಪ ಪೆಟ್ಟು ತಿಂದ್ರೇನೇ ನಿಲ್ಲೋದು. ಯಾವಾಗ ನಿಲ್ಲಿಸಬೇಕು ಅಂತ ಮಾತ್ರ ಗೊತ್ತಿರಬೇಕು."

"ಯಾವಾಗ ಅಂತ ಹೇಗೆ ಗೊತ್ತಾಗುತ್ತೆ?"

"ಸದ್ದು ಬದಲಾಗುತ್ತೆ. ಕೇಳಿಸ್ಕೋ."

ಕೇಳಿಸಿಕೊಂಡೆ. ಮೊದಲು ಡಬ್ ಡಬ್ ಅನ್ನುತ್ತಿದ್ದದ್ದು ಸುತ್ತು ಮುಗಿಯುವ ಹೊತ್ತಿಗೆ ಟಣ್ ಅನ್ನತೊಡಗಿತ್ತು. ನನ್ನ ಇಕ್ಕಳದ ಕೆಳಗೆ ಹರಿದ ಗುಣವೇ ತಾತನ ಸುತ್ತಿಗೆಯ ಕೆಳಗೆ ಹಂಡೆಯನ್ನು ಹಿಡಿದು ನಿಲ್ಲಿಸುತ್ತಿತ್ತು. ಹಳೇ ಪಾತ್ರೆಗಳ ಮೈಮೇಲಿನ ಗುಳಿಗಳನ್ನು ನಾನು ಅಲಂಕಾರ ಅಂದುಕೊಂಡಿದ್ದೆ. ತೆಳ್ಳಗಿನ ತಾಮ್ರ ಅಷ್ಟು ನೀರಿನ ಭಾರ ತಡೆಯುವುದು ಆ ಗುಳಿಗಳಿಂದ.

ತಾತ ತೆಗೆದುಕೊಂಡದ್ದು ಆರುನೂರು ರೂಪಾಯಿ. ನಾನು ಜಾಸ್ತಿ ಕೊಡಲು ಹೋದೆ, ವಾಪಸ್ ಕೊಟ್ಟರು.

ಮನೆಯಲ್ಲಿ ಇಷ್ಟು ನೆನಪಿಡಿ

* ನೆಗ್ಗಿದ ತಾಮ್ರ, ಹಿತ್ತಾಳೆ ಪಾತ್ರೆಯನ್ನು ಹಿಂದೆ ಮುಂದೆ ಬಗ್ಗಿಸಬೇಡಿ. ಒಂದೇ ಸಲಕ್ಕೆ ಸರಿಯಾಗದಿದ್ದರೆ ಬಿಟ್ಟುಬಿಡಿ, ಕಾಯಿಸಿ ಸರಿಮಾಡುವವರ ಹತ್ತಿರ ಒಯ್ಯಿರಿ.
* ಬಳೆ, ಕನ್ನಡಕದ ಫ್ರೇಮ್, ಕಿವಿಯೋಲೆಯ ಕೊಕ್ಕೆ ಪದೇ ಪದೇ ಬಗ್ಗಿಸಿದರೆ ಒಂದು ದಿನ ಅದೇ ಜಾಗದಲ್ಲಿ ಮುರಿಯುತ್ತದೆ. ಬಿರುಸಾಯಿತು ಅನ್ನಿಸಿದರೆ ಅದೇ ಎಚ್ಚರಿಕೆ.
* ಮೆತ್ತಗಾಗಲಿ ಅಂತ ಏನನ್ನೂ ಗ್ಯಾಸ್ ಒಲೆಯ ಮೇಲೆ ಇಡಬೇಡಿ. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ, ಅದಕ್ಕೂ ಮೊದಲು ಕೆಂಪಾಗಿ ಸೂಚನೆ ಕೊಡುವುದಿಲ್ಲ. ತವರವಂತೂ 232 ಡಿಗ್ರಿಗೇ ಕರಗುತ್ತದೆ, ಕಲಾಯಿ ಹಾಕಿದ ಪಾತ್ರೆಯನ್ನು ಖಾಲಿ ಕಾಯಿಸಿದರೆ ಕಲಾಯಿ ಹೋಗುತ್ತದೆ.
* ಹಳೇ ಕಂಚಿನ ಪಾತ್ರೆ, ಗಂಟೆಗಳನ್ನು ಸುತ್ತಿಗೆಯಿಂದ ಮುಟ್ಟಲೇಬೇಡಿ.

ನೀರು ತುಂಬಿದ ಸಂಜೆ

ಅಮ್ಮ ಬಂದಳು. ಬ್ಯಾಗಿನಲ್ಲಿ ಊರಿನ ಹಿಂಡ್ಲೆಕಾಯಿ ಬಳ್ಳಿ, ಪೇಪರಿನಲ್ಲಿ ಸುತ್ತಿದ ಕೆಮ್ಮಣ್ಣು. ಹಂಡೆ ತೊಳೆಯಲು ಕೂತವಳ ಕೈ ಕಂಠದ ಮೇಲೆ ನಿಂತಿತು. ಕೆಂಪು ತಾಮ್ರದ ನಡುವೆ ಹಳದಿ ಗೆರೆ ಮುಚ್ಚಿಡಲು ಆಗುವಂಥದ್ದಲ್ಲ.

"ಏನೇ ಇದು?"

ಎಲ್ಲ ಹೇಳಿದೆ. ಇಕ್ಕಳದ ವಿಷಯವನ್ನೂ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹಂಡೆಯನ್ನು ಮಗುಚಿ ತಳ ತೋರಿಸಿದಳು. ಅಲ್ಲಿ ಅಂಗೈಯಗಲದ ಒಂದು ದುಂಡು, ಸುತ್ತ ಹಲ್ಲು ಹಲ್ಲಾದ ಹಳೇ ಹಳದಿ ಗೆರೆ. ಚಿಕ್ಕಂದಿನಿಂದ ನೋಡಿದ್ದೆ, ಅದೊಂದು ಚಿತ್ತಾರ ಅಂದುಕೊಂಡಿದ್ದೆ.

"ಇದು ನಾನು ಮಾಡಿದ್ದು" ಅಂದಳು. "ನಿನ್ನಷ್ಟೇ ವಯಸ್ಸು ಆಗ. ನೀರಿಲ್ಲದ ಹಂಡೆ ಒಲೆ ಮೇಲೆ ಬಿಟ್ಟು ತೋಟಕ್ಕೆ ಹೋಗಿದ್ದೆ. ತಳ ಸುಟ್ಟುಹೋಯ್ತು. ಅತ್ತೆ ಒಂದು ಮಾತು ಬೈಯಲಿಲ್ಲ. ಮಾರನೇ ದಿನ ತಾವೇ ತಲೆ ಮೇಲೆ ಹೊತ್ಕೊಂಡು ಹೋಗಿ ತೇಪೆ ಹಾಕಿಸ್ಕೊಂಡು ಬಂದ್ರು."

ಕೆಮ್ಮಣ್ಣಿನ ಗೆರೆ ಎಳೆದು, ಬಳ್ಳಿ ಸುತ್ತಿ, ಹಂಡೆಯನ್ನು ಬಾಲ್ಕನಿಯಲ್ಲಿ ಇಟ್ಟೆವು. ನಲ್ಲಿಗೆ ಪೈಪ್ ಹಾಕಿ ನೀರು ಬಿಟ್ಟೆ. ಕಂಠದವರೆಗೂ ತುಂಬಿತು. ಬೆಸುಗೆಯ ಕಡೆಯಿಂದ ಒಂದು ಹನಿಯೂ ಹೊರಬರಲಿಲ್ಲ. ಅಮ್ಮ ಬೆರಳಗಂಟಿನಿಂದ ಹಂಡೆಯ ಮೈ ತಟ್ಟಿ ನೋಡಿ, "ಇನ್ನು ಇಕ್ಕಳ ಎಲ್ಲಿದೆ ಕೊಡು, ನಾನು ಊರಿಗೆ ಒಯ್ತೀನಿ" ಅಂದಳು.